ಹಕ್ಕಿ ಬೇಯಿಸುವ ಶಿವಮ್ಮ

ಅಕ್ಕಿ ತೊಳೆದ ನೀರನ್ನು ಬಾಳೆಗಿಡದ ಬುಡಕ್ಕೆ ಚೆಲ್ಲಿ ಶಿವಮ್ಮ ಒಳಗೆ ಬರುವಷ್ಟರಲ್ಲಿ ಹೆಡ್‌ಮಾಸ್ಟರ್ ಶಿವನಂಜಯ್ಯ ಅಡುಗೆಕೋಣೆಯ ಬಾಗಿಲಲ್ಲಿ ನಿಂತಿದ್ದರು. ಕುಂತೂರಿಗೆ ಹತ್ತಿರದ ಈ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಶಿವಮ್ಮ ಬಿಸಿಯೂಟ ಮಾಡುತ್ತಾಳೆ. ಮಗಳು ಭವ್ಯ ಇಲ್ಲೇ ಒಂದನೇ ತರಗತಿ ಮುಗಿಸಿದ್ದಾಳೆ.

“ಸಾಯಂಕಾಲ ಮನೆಮನೆಗೆ ಹೋಗಿ ಬರಣ ಶಿವಮ್ಮ. ಈ ಸಲ ಮಕ್ಳು ತೀರಾ ಕಮ್ಮಿ.”

ಮಕ್ಕಳನ್ನು ಸರ್ಕಾರಿ ಶಾಲೆಗೇ ಸೇರಿಸಿ ಎಂದು ಕೇಳಲು ಹೋದ ವರ್ಷವೂ ಅವರು ಅವಳನ್ನು ಕರೆದೊಯ್ದಿದ್ದರು. “ನನ್ ಮಗ್ಳೂ ಅಲ್ಲೇ ಕಣಕ್ಕ” ಎಂಬ ಅವಳ ಒಂದು ಮಾತಿಗೆ ಹೆಂಗಸರು ಒಪ್ಪಿದ್ದರು.

“ಊಂ ಸಾ,” ಎಂದಳು ಶಿವಮ್ಮ. ಕೊಳ್ಳೇಗಾಲದ ಖಾಸಗಿ ಇಂಗ್ಲಿಷ್ ಶಾಲೆಯೊಂದರಲ್ಲಿ ಭವ್ಯಳಿಗೆ ಸೀಟು ಸಿಕ್ಕಿ ವಾರವಾಗಿತ್ತು. ಅದನ್ನು ಅವರಿಗೆ ಹೇಳಿರಲಿಲ್ಲ.

ಅಷ್ಟರಲ್ಲಿ ಭವ್ಯ ಓಡಿಬಂದಳು. “ಸಾ, ಒಸ ಇಸ್ಕೂಲ್ ಮಿಸ್‌ಗೆ ನಮ್ಮವ್ವ ಹಕ್ಕಿ ಬೇಯಿಸ್ತೀನಿ ಅಂದ್ಬುಟ್ಳು ಸಾ!”

ನಡೆದದ್ದು ಅದೇ. ಆ ಶಾಲೆಯಲ್ಲಿ ಸೀಟು ಕೊಡುವ ಮೊದಲು ತಂದೆತಾಯಿ ಮಾತಾಡುವ ರೀತಿಯನ್ನೂ ನೋಡುತ್ತಾರೆಂದು ಯಾರೋ ಹೇಳಿದ್ದರು. ಅದಕ್ಕೇ ಶಿವಮ್ಮ, ತಮ್ಮ ಕಡೆ ಬಿಟ್ಟುಹೋಗುವ ‘ಹ’ಕಾರವನ್ನು ಒತ್ತಿ ಹೇಳಲು ತೀರ್ಮಾನಿಸಿದ್ದಳು. “ನಮ್ಮ ತವರು ಹನೂರು ಮಿಸ್” ಎಂಬುದು ಸರಿಯಾಗಿಯೇ ಬಂತು. ಕೆಲಸವೇನೆಂದು ಕೇಳಿದಾಗ, ಅದೇ ಧೈರ್ಯದಲ್ಲಿ, “ಸರ್ಕಾರಿ ಶಾಲೇಲಿ ಹಕ್ಕಿ ಬೇಯಿಸ್ತೀನಿ” ಎಂದಳು.

“ಯಾವ ಹಕ್ಕಿ? ಕೋಳಿನಾ?” ಎಂದು ಮಿಸ್ ನಕ್ಕರು.

“ಹಕ್ಕಿ ಅಲ್ಲ ಕಣವ್ವೋ, ಅಕ್ಕಿ!” ಎಂದು ಭವ್ಯ ತಿದ್ದಿದ್ದಳು. ಹುಡುಗಿ ಚುರುಕಾಗಿದ್ದಾಳೆ ಎಂದು ಸೀಟು ಕೊಟ್ಟರು.

ಹೆಡ್‌ಮಾಸ್ಟರ್ ಮೊದಲು ನಕ್ಕರು. ಆಮೇಲೆ, “ಯಾವ ಹೊಸ ಇಸ್ಕೂಲ್ ಮರಿ?” ಎಂದರು.

ಶಿವಮ್ಮ ಸೌದೆ ಸರಿಮಾಡಲು ಬಗ್ಗಿದಳು. “ಅವ್ರಪ್ಪನ ಆಸೆ ಸಾ. ಆ ಇಸ್ಕೂಲ್ನೋರು ಟಿ.ಸಿ. ಕೇಳವ್ರೆ.”

ಅದು ಸುಳ್ಳು. ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಗಂಡ ಪರಮೇಶ, “ನೀನಿರೋ ಇಸ್ಕೂಲ್ ಬುಟ್ಟು ಅಲ್ಲಿಗ್ಯಾಕಮ್ಮಿ?” ಎಂದೇ ಕೇಳಿದ್ದ. ಹಟ ಹಿಡಿದವಳು ಶಿವಮ್ಮನೇ.

ಶಿವನಂಜಯ್ಯ ಭವ್ಯಳ ತಲೆ ಸವರಿದರು. “ಅಕ್ಕಿ ಯಾವ್ದು, ಹಕ್ಕಿ ಯಾವ್ದು ಅಂತ ಚಿತ್ರ ಬರೆದು ಕಲ್ಸಿದ್ದು ಯಾರು ಮರಿ?”

“ನೀವೇ ಸಾ.”

“ನಾಳೆ ಟಿ.ಸಿ. ಬರೆದುಕೊಡ್ತೀನಿ ಶಿವಮ್ಮ. ಸಾಯಂಕಾಲ ನೀವು ಬರೋದು ಬ್ಯಾಡ,” ಎಂದು ಆಫೀಸಿಗೆ ನಡೆದರು. ಅಲ್ಲಿಯವರೆಗೆ ಅವರು ಅವಳನ್ನು ‘ನೀನು’ ಎನ್ನುತ್ತಿದ್ದರು.

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಶಿವಮ್ಮ ಅಕ್ಕಿ ಹಾಕಿದಳು.

ಸಂಜೆ ಶಿವನಂಜಯ್ಯ ಒಬ್ಬರೇ ಊರೊಳಕ್ಕೆ ಹೋದರು. ಸೋಮವಾರದಿಂದ ಕೊಳ್ಳೇಗಾಲದ ಹಳದಿ ವ್ಯಾನು ಭವ್ಯಳನ್ನು ಸರ್ಕಾರಿ ಶಾಲೆಯ ಗೇಟಿನ ಮುಂದೆಯೇ ಹತ್ತಿಸಿಕೊಳ್ಳುತ್ತದೆ. ಊರಿನಲ್ಲಿ ವ್ಯಾನು ತಿರುಗಿಸಲು ಬೇರೆಲ್ಲೂ ಜಾಗವಿಲ್ಲ.