ಮುನಿಶಾಮಮ್ಮನ ಕೈಗುಣ

ಬಂಗಾರಪೇಟೆ ಪಕ್ಕದ ನಮ್ಮೂರಲ್ಲಿ ಮುನಿಶಾಮಮ್ಮನ ಕೈಗುಣದ ಬಗ್ಗೆ ಎರಡು ಮಾತಿರಲಿಲ್ಲ. ಕರು ಸತ್ತ ಮೇಲೆ ಅವಳ ಹಸು ಕೆಂದಿ ಹಾಲು ಬಿಡದೆ ಒದೆಯುತ್ತಿತ್ತು. ಇವಳು ತಂಬಿಗೆಯನ್ನು ಬೆರಳ ಗೆಣ್ಣಿನಿಂದ ಟಣ್ ಟಣ್ ಅನ್ನಿಸಿ, ಅದರ ಬಾಯಿಗೊಂದು ಚೂರು ಬೆಲ್ಲವಿಟ್ಟು ಕರೆಯಲು ಕೂರುವಳು. ದಿನಾ ಹೀಗೆ ಮಾಡಿ ಮಾಡಿ ಕೊನೆಗೆ ತಂಬಿಗೆಯ ಸದ್ದಿಗೇ ಮೊಲೆ ತೊಟ್ಟಿಕ್ಕತೊಡಗಿತು. ಜನ ಮಂತ್ರ ಅಂದರು. ಈ ಜನಕ್ಕೇನು, ಕೆಮ್ಮಿದರೂ ಮಂತ್ರವೇ! ಮುನಿಶಾಮಮ್ಮ ಮಾತ್ರ ಕೆಂದಿಗೆ ತಾನೆಂದರೆ ಪ್ರಾಣ ಎಂದು ನಂಬಿದಳು. ಗಂಡ ಸತ್ತ ಹೆಂಗಸು, ನಂಬಲಿ ಬಿಡಿ.

ಐವತ್ತೆಂಟನೇ ಇಸವಿಯಲ್ಲಿ ಮಗ ಜಯರಾಮಪ್ಪನಿಗೆ ಮಾರಿಕುಪ್ಪಂನ ಚಿನ್ನದ ಗಣಿ ಮೈಸೂರು ಮೈನ್ಸ್‌ನಲ್ಲಿ ಕೆಲಸವಾಯಿತು. ಅಲ್ಲಿ ಕೊಟ್ಟ ಮನೆ ಒಂದೇ ಕೋಣೆ, ಹಸು ಕಟ್ಟುವುದೆಲ್ಲಿ? ಬಂಗಾರಪೇಟೆಯ ಅನಸೂಯಮ್ಮನಿಗೆ ಮಾರಿ ಹೊರಟರು. ವಾರದೊಳಗೆ ಅನಸೂಯಮ್ಮನ ಗಂಡ ಬಚ್ಚಪ್ಪ ಮಾರಿಕುಪ್ಪಂ ರೈಲು ಹತ್ತಿ ಹುಡುಕಿಕೊಂಡು ಬಂದ.

"ಏನಮ್ಮ, ಎಂಥಾ ಅಸ ಕಟ್ಟಿದೆ ನಮ್ ಕೊರಳಿಗೆ! ಮುಟ್ಟಿದ್ರೆ ಒದೀತದೆ, ಒಂದ್ ತೊಟ್ಟು ಆಲಿಲ್ಲ. ಬರೋ ಸಂತೇಲಿ ಕಟುಕರಿಗೆ ಕೊಟ್ಬಿಡ್ತೀನಿ."

ಅವಳ ಎದೆ ಝಲ್ಲೆಂದಿತು. ಒಳಗೊಳಗೇ ಹಿಗ್ಗೂ ಆಯಿತು.

"ನನ್ನ ಬಿಟ್ಟು ಇರಲ್ಲ ಕಣಪ್ಪ ಅದು. ನಡಿ, ಬತ್ತೀನಿ."

ಬಂಗಾರಪೇಟೆಯಲ್ಲಿ ಅವಳು ತಂಬಿಗೆ ಬಡಿದು ಬೆಲ್ಲ ಕೊಟ್ಟು ಕೂತಳು. ಹಾಲು ಸರ್ರನೆ ಇಳಿಯಿತು.

"ಅಯ್ಯೋ, ಇಷ್ಟೇನಾ! ಬೆಲ್ಲ ನಮ್ಮನೇಲೂ ಐತಲ್ಲಕ್ಕ," ಅಂದಳು ಅನಸೂಯಮ್ಮ.

"ಬೆಲ್ಲ ಅಲ್ಲಮ್ಮ, ಕೈಗುಣ," ಅಂತ ಇವಳು ಸಿಡುಕಿದಳು. ಆದರೆ ದಿನಾ ಮಾರಿಕುಪ್ಪಂನಿಂದ ಬಂದು ಕರೆಯಲಾದೀತೇ? ಕಲಿಸದಿದ್ದರೆ ಕೆಂದಿ ಕಟುಕರ ಪಾಲು. ಅಲ್ಲೇ ಉಳಿದು ಕಲಿಸಿದಳು. ಮೊದಲು ಅನಸೂಯಮ್ಮ ಬರೀ ಬೆಲ್ಲ ಕೊಟ್ಟಳು, ಆಮೇಲೆ ತಂಬಿಗೆಯನ್ನೂ ಬಡಿದಳು. ಕೊನೆಗೆ ಒಬ್ಬಳೇ ಕೂತು ಕರೆದಳು. ತಂಬಿಗೆ ತುಂಬಿ ನೊರೆ ಉಕ್ಕಿತು.

"ಕೆಂದೀ," ಅಂತ ಮುನಿಶಾಮಮ್ಮ ಬರಿಗೈ ಚಾಚಿದಳು. ಕೆಂದಿ ಅಂಗೈ ಮೂಸಿತು, ಒಮ್ಮೆ ನೆಕ್ಕಿತು, ಏನೂ ಇಲ್ಲವೆಂದು ತಿಳಿದು ಅನಸೂಯಮ್ಮನ ಕಡೆ ತಿರುಗಿತು.

"ಎಲ್ಲಮ್ಮ ನಿನ್ ಕೈಗುಣ?" ಬಚ್ಚಪ್ಪ ನಕ್ಕ. ಥೂ, ನಗುವ ಹೊತ್ತೇ ಅದು? ಅವಳು ಸೆರಗು ಬಾಯಿಗಿಟ್ಟುಕೊಂಡು ಅತ್ತೇಬಿಟ್ಟಳು.

ಆ ಸೆರಗಿನ ತುದಿಯಲ್ಲೇ ಬೆಲ್ಲದ ಗಂಟಿತ್ತು. ಒಂದು ಚೂರು ತೋರಿಸಿದ್ದರೆ ಕೆಂದಿ ಓಡಿ ಬರುತ್ತಿತ್ತು. ತೋರಿಸಲಿಲ್ಲ. ಗಂಟು ಬಿಚ್ಚಿ ಅಷ್ಟನ್ನೂ ಅನಸೂಯಮ್ಮನ ಕೈಗೆ ಸುರಿದು ಸ್ಟೇಷನ್ನಿನ ಕಡೆ ನಡೆದಳು.