ಪುಟ ತಿರುವುವ ಕೈ

ದೊಡ್ಡ ವಾದ್ಯವೃಂದದಲ್ಲಿ ಇಬ್ಬಿಬ್ಬರು ಪಿಟೀಲಿನವರಿಗೆ ಸ್ವರದ ಹಾಳೆ ಇಡಲು ಒಂದೇ ಸ್ಟ್ಯಾಂಡು. ಸಭಿಕರ ಕಡೆ ಕೂತವನು ನಿಲ್ಲಿಸದೆ ನುಡಿಸುತ್ತಾನೆ. ಒಳಗಡೆ ಕೂತವನು ಪುಟದ ಕೊನೆ ಬಂತೆಂದರೆ ಕಮಾನು ಇಳಿಸಿ ಹಾಳೆ ತಿರುವುತ್ತಾನೆ. ನಮ್ಮವನು ಒಳಗಡೆಯವನು. ಮೀಸೆ ಚಿಗುರುವಾಗ ಆ ಕುರ್ಚಿಯಲ್ಲಿ ಕೂತವನು ತಲೆ ನರೆತರೂ ಏಳಲಿಲ್ಲ. ಸದ್ದಾಗದಂತೆ ಹಾಳೆ ತಿರುವುವುದರಲ್ಲಿ ಅವನನ್ನು ಬಿಟ್ಟರಿಲ್ಲ. ಹೀಗಾಗಿ ಇಟ್ಟ ಹೆಸರು ಮಾಯವಾಗಿ 'ತಿರುವಪ್ಪ' ಅನ್ನುವುದೇ ನಿಂತುಬಿಟ್ಟಿತು. ಹೆಂಡತಿಯೂ ಕೇಳುತ್ತಿದ್ದಳು: "ಏನ್ರೀ, ಇವತ್ತು ನುಡಿಸಿದ್ದೆಷ್ಟು, ತಿರುವಿದ್ದೆಷ್ಟು?"

ಬಟ್ಟೆ ಮಡಿಸುವಾಗ ಆಕೆ ಒಂದು ರಾಗ ಗುನುಗುತ್ತಿದ್ದಳು. ಎಲ್ಲಿಂದ ಬಂತೋ ಅವಳಿಗೂ ಗೊತ್ತಿಲ್ಲ. ಅದನ್ನೇ ಹಿಡಿದು ಅವನು ಅಡುಗೆಮನೆಯ ಮೇಜಿಗೆ ಕೂತು, ವರ್ಷಗಟ್ಟಲೆ ತಿದ್ದಿ ತೀಡಿ, ಇಡೀ ವೃಂದಕ್ಕೊಂದು ಕೃತಿ ಕಟ್ಟಿದ. ವೃಂದದ ನಿರ್ದೇಶಕರು ಬಂದರು, ಹೋದರು. ಎಲ್ಲರೂ "ನೋಡೋಣ" ಅಂದವರೇ. ಕಡೆಗೆ ಹೊಸದಾಗಿ ಬಂದ ನಿರ್ದೇಶಕಿಯೊಬ್ಬರು "ಆಗಲಿ" ಅಂದರು. ಅಷ್ಟರಲ್ಲಿ ಹೆಂಡತಿ ತೀರಿಕೊಂಡಿದ್ದಳು.

ಅಂದಿನಿಂದ ಅವನೊಳಗೆ ಏನೋ ಮರಗಟ್ಟಿತ್ತು. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದ, ಗಡ್ಡ ಹೆರೆದುಕೊಳ್ಳುತ್ತಿದ್ದ, ಅಳು ಮಾತ್ರ ಬರಲಿಲ್ಲ. ಮಗಳು ಹೆದರಿ, "ಅಪ್ಪಾ, ಒಂದ್ಸಲ ಅತ್ತುಬಿಡಿ" ಅಂದರೆ, "ನೋಡೋಣಮ್ಮ" ಅನ್ನುತ್ತಿದ್ದ, ಹಳೇ ನಿರ್ದೇಶಕರ ಹಾಗೆ. ಅವಳ ರಾಗವನ್ನು ತಾನೇ ಸಭೆಯಲ್ಲಿ ನುಡಿಸಿದರೆ ಎದೆಯೊಳಗಿನ ಗಡ್ಡೆ ಕರಗೀತು ಅನ್ನುವುದೊಂದೇ ಅವನಿಗಿದ್ದ ಆಸೆ.

ಅಚ್ಚಾಗಿ ಬಂದ ಹಾಳೆ ನೋಡಿದರೆ, ಆ ರಾಗ ಶುರುವಾಗುವುದೇ ಪುಟದ ತುದಿಯಲ್ಲಿ! ಅಭ್ಯಾಸದಲ್ಲೆಲ್ಲ ಎಂದಿನಂತೆ ಕಮಾನು ಇಳಿಸಿ ತಿರುವಿದ; ಮತ್ತೆ ಎತ್ತುವಷ್ಟರಲ್ಲಿ ರಾಗದ ಮೊದಲ ಸಾಲು ದಾಟಿರುತ್ತಿತ್ತು. ಕಚೇರಿಯ ಸಂಜೆ ಪಕ್ಕದ ಕುರ್ಚಿಯ ಮೀಸೆಯಣ್ಣ, ಅಷ್ಟೂ ವರ್ಷದ ಜೊತೆಗಾರ, ಮೊಣಕೈಯಿಂದ ತಿವಿದ.

"ಲೇ ತಿರುವಪ್ಪ, ಇವತ್ತು ಆ ಪುಟ ನಾನು ತಿರುವ್ತೀನಿ. ನೀನು ನುಡ್ಸು."

"ನಿನಗೆ ಬರುತ್ತೇನಣ್ಣ?"

"ಹಾಳೆ ಕಣೋ, ಹೋರಿ ಅಲ್ಲ."

ಪುಟದ ತುದಿ ಬಂತು. ಮೀಸೆಯಣ್ಣ ಮಾತಿನಂತೆ ಕೈ ಚಾಚಿದ. ಹಾಳೆಯ ಮೂಲೆಯಲ್ಲಿ ಇನ್ನೊಂದು ಕೈ ಆಗಲೇ ಕೂತಿತ್ತು. ತಿರುವಪ್ಪ ನೋಡುತ್ತಾನೆ, ತನ್ನದೇ!

"ಬಿಡೋ," ಎಂದು ಅಣ್ಣ ಹಲ್ಲುಕಚ್ಚಿ ಪಿಸುಗುಟ್ಟಿದ. ಇವನು ಬಿಟ್ಟ. ಅವನೂ ಬಿಟ್ಟ. ಅರ್ಧ ಎದ್ದ ಹಾಳೆ ವಾಪಸು ಬಿತ್ತು. ಸುತ್ತಲಿನವರೆಲ್ಲ ರಾಗ ಎತ್ತಿಕೊಂಡು ನಡೆದೇಬಿಟ್ಟರು. ಬರೆದವನಿಗೆ ಹಾಳೆ ಯಾಕೆ ಬೇಕು? ಆದರೂ ಕಮಾನು ತೊಡೆಯ ಮೇಲಿಂದ ಏಳಲಿಲ್ಲ. ಬಟ್ಟೆ ಮಡಿಸುವವಳ ರಾಗ ಪಕ್ಕದ ಮನೆಯವರದೇನೋ ಎಂಬಂತೆ ಕಿವಿ ದಾಟಿ ಹೋಯಿತು. ಅದು ಮುಗಿದ ಮೇಲೆ ಅವನು ಹಾಳೆ ತಿರುವಿದ. ಸದ್ದಾಗಲಿಲ್ಲ.

ಚಪ್ಪಾಳೆಯೆಲ್ಲ ಅಡಗಿದ ಮೇಲೆ ಹಿಂದಿನ ಕೋಣೆಗೆ ಮಗಳು ಕಣ್ಣೊರೆಸಿಕೊಳ್ಳುತ್ತ ಬಂದಳು.

"ಅಮ್ಮನ ರಾಗ ಬಂತಲ್ಲಪ್ಪಾ, ನೀವೇ ನುಡಿಸಿದ್ರಿ ಅಲ್ವಾ?"

ಮೀಸೆಯಣ್ಣ ಬೂಟಿನ ಲೇಸು ಕಟ್ಟಲು ಬಗ್ಗಿದವನು ಏಳಲೇ ಇಲ್ಲ.

"ಇಲ್ಲಮ್ಮ. ತಿರುವಿದೆ."

ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು, ಒರೆಸುವ ಬಟ್ಟೆಯನ್ನು ಮಡಿಸತೊಡಗಿದ. ಮಡಿಸುತ್ತ, ಗಂಟಲಿಗೆ ಏನಾದರೂ ಬಂದೀತೇ ಎಂದು ಒಂದು ಗಳಿಗೆ ಕಾದ. ಬರಲಿಲ್ಲ. ಮುಚ್ಚಳ ಹಾಕಿ, "ನಡಿಯಮ್ಮ, ಬಸ್ಸು ತಪ್ಪುತ್ತೆ" ಅಂದ.