ಎರಡು ಫಾರಮ್ಮಿನ ಅನಂತರಾಮು
ಮಲಯಾದ ರೈಲ್ವೆಯಲ್ಲಿ ಮೂವತ್ತು ವರ್ಷ ದುಡಿದು, ಅಲ್ಲಿನ ಪ್ರಜೆಯಾಗಿಯೇ ಶ್ರೀರಂಗಪಟ್ಟಣಕ್ಕೆ ಮರಳಿದ ಅನಂತರಾಮು ಈಗ ಹುಟ್ಟೂರಿನಲ್ಲೇ ವಿದೇಶಿ. ಎರಡು ಸರ್ಕಾರಿ ಫಾರಂ ಸದಾ ಅವರ ಕೈಯಲ್ಲಿ: ಇನ್ನೊಂದು ವರ್ಷ ಇರಲು ಅನುಮತಿ ಕೇಳುವುದೊಂದು, ಮಗಳಿರುವ ಆ ದೇಶದ ಪಾಸ್‌ಪೋರ್ಟು ಬಿಟ್ಟು ಇಲ್ಲಿಯವರೇ ಆಗಿಬಿಡುವುದು ಇನ್ನೊಂದು. ಕಾವೇರಿಯಲ್ಲಿ ಮುಳುಗು ಹಾಕುವಾಗಲೂ ಆ ಕೈ ನೀರಿನ ಮೇಲೇ ಇರುತ್ತದೆ. ಸಿಕ್ಕವರನ್ನೆಲ್ಲ ‘ನೀವಾದ್ರೆ ಯಾವುದು ಹಾಕ್ತಿದ್ರಿ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ನಡೆದುಬಿಡುತ್ತಾರೆ. ‘ನಾಳೀಕೇ ಕೊನೇ ದಿನ ಕಣ್ಲಾ, ಯಾವುದಕ್ಕಾದ್ರೂ ರುಜು ಹಾಕ್ಬುಡು’ ಎಂದು ಜೊತೆಗೆ ಓದಿದ ಕರಿಯಯ್ಯ ಇಂದು ಗದರಿದ. ಅನಂತರಾಮು ಹಿತ್ತಿಲ ಪಾರಿಜಾತದ ಕೊಂಬೆ ತೋರಿಸಿದರು. ಹೆಂಡತಿಯ ಅಸ್ಥಿಯ ಚೊಂಬು ಬಾಯಿಗೆ ಕಟ್ಟಿದ ಬಟ್ಟೆಯ ಸಮೇತ ಅಲ್ಲಿ ತೂಗುತ್ತಿತ್ತು. ‘ಒಂದೇ ವರ್ಷ ಇರೋನು, ಇವಳನ್ನ ಈ ಹೊಳೇಲಿ ಹೇಗಯ್ಯ ಬಿಟ್ಟುಹೋಗ್ಲಿ?’